ಇನ್ನೂರು ಅಡಿಯ ಮಾತು: ರೋಲರ್ ಕೋಸ್ಟರ್, ವಿಮಾನ ಮತ್ತು ಆಕಾಶದ ಗಡಿ

ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ಮಕ್ಕಳ ಪ್ರವಾಸ ಸಾಂತಾ ಕ್ಲಾರಾದ ಗ್ರೇಟ್ ಅಮೆರಿಕಾ ಮನರಂಜನಾ ಉದ್ಯಾನಕ್ಕೆ ಹೋದಾಗ, ಪ್ರಥಮ ಚಿಕಿತ್ಸೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟ ಸ್ವಯಂಸೇವಕರಲ್ಲಿ ನಾನೂ ಒಬ್ಬಳಾಗಿದ್ದೆ. ಇಂಥ ಪ್ರವಾಸಗಳಲ್ಲಿ ವೈದ್ಯರಿಗೆ ಬೀಳುವ ಕೆಲಸ ಹೆಚ್ಚೇನೂ ಇಲ್ಲ. ಒಂದೆರಡು ತರಚಿದ ಮಂಡಿಗಳು, ಬಿಸಿಲಿಗೆ ತಲೆನೋವು ಬಂದ ಒಬ್ಬರು ಹಿರಿಯರು, ಉಳಿದಂತೆ ನೀರು ಕುಡಿಯಿರೆಂದು ಎಲ್ಲರಿಗೂ ಹೇಳುತ್ತ ತಿರುಗುವುದು. ಹಾಗೆ ನೆರಳಿನಲ್ಲಿ ಕುಳಿತಿದ್ದಾಗ ಹನ್ನೆರಡು ವರ್ಷದ ಹುಡುಗನೊಬ್ಬ ಬಂದು ಕೇಳಿದ: “ಡಾಕ್ಟರ್ ಆಂಟಿ, ಒಹಾಯೋದಲ್ಲಿ 420 ಅಡಿಯ ರೋಲರ್ ಕೋಸ್ಟರ್ ಇದೆ. ನಮ್ಮಲ್ಲಿ ಯಾಕೆ ಅಂಥದ್ದು ಇಲ್ಲ?”

ಅದೇ ಹೊತ್ತಿಗೆ ಸಾನ್ ಹೋಸೆ ವಿಮಾನ ನಿಲ್ದಾಣದಿಂದ ಮೇಲೆದ್ದ ವಿಮಾನವೊಂದು ನಮ್ಮ ತಲೆಯ ಮೇಲೆ ಗುಡುಗುತ್ತ ಹೋಯಿತು. ನಾನು ಅದರತ್ತ ಕೈ ತೋರಿಸಿ, ರೋಗಿಗಳ ಮುಂದೆ ಬಳಸುವ ಅದೇ ನಿಶ್ಚಿತ ಧ್ವನಿಯಲ್ಲಿ, “ಅದಕ್ಕೇ ಕಣೋ. ಏರ್‌ಪೋರ್ಟ್ ಹತ್ತಿರ 200 ಅಡಿಗಿಂತ ಎತ್ತರ ಏನನ್ನೂ ಕಟ್ಟೋ ಹಾಗಿಲ್ಲ. ಕಾನೂನು” ಎಂದೆ. ಹುಡುಗ ಕ್ಷಣಕಾಲ ಸುಮ್ಮನಿದ್ದು, ಎದುರಿಗೆ ನಿಂತಿದ್ದ ಡ್ರಾಪ್ ಟವರ್ ಎಂಬ ಗೋಪುರದ ಕಡೆ ನೋಡಿದ. “ಮತ್ತೆ ಅದು 224 ಅಡಿ ಅಲ್ವಾ ಆಂಟಿ?”

ನನ್ನ ಬಳಿ ಉತ್ತರವಿರಲಿಲ್ಲ. ಆ ಗೋಪುರ 1996ರಿಂದ ಅಲ್ಲೇ ನಿಂತಿದೆ. ತಪ್ಪು ಉತ್ತರವನ್ನು ಅಷ್ಟೊಂದು ಧೈರ್ಯದಿಂದ ಹೇಳಿದ್ದಕ್ಕೆ ನಾಚಿಕೆಯಾಗಿ, ಮನೆಗೆ ಬಂದ ಮೇಲೆ ಈ ವಿಷಯದ ಇತಿಹಾಸವನ್ನು ಓದತೊಡಗಿದೆ. ಈ ಲೇಖನ ಆ ಹುಡುಗನಿಗೆ ನಾನು ತೀರಿಸಬೇಕಾದ ಸಾಲ. ನಮ್ಮಲ್ಲಿ ಅನೇಕರು ಅದೇ ತಪ್ಪನ್ನು ನಂಬಿಕೊಂಡಿರುವುದರಿಂದ ಇದನ್ನು ಎಲ್ಲರೆದುರು ತೀರಿಸುವುದೇ ಸರಿ ಎನಿಸಿತು.

ಮೊದಲನೆಯ ಪ್ರಶ್ನೆ ರೋಲರ್ ಕೋಸ್ಟರಿನದಲ್ಲ, ಆಕಾಶದ್ದು. ಆಕಾಶ ಯಾರದು? ಯೂರೋಪಿನ ಹಳೆಯ ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಸರಳವಾದ ಉತ್ತರವಿತ್ತು: ನೆಲ ಯಾರದೋ ಅದರ ಮೇಲಿನ ಆಕಾಶವೂ ಸ್ವರ್ಗದವರೆಗೆ ಅವರದೇ. ಯಾರೂ ಹಾರದಿದ್ದ ಕಾಲದಲ್ಲಿ ಈ ಸೂತ್ರದಿಂದ ಯಾರಿಗೂ ತೊಂದರೆಯಾಗಲಿಲ್ಲ. ವಿಮಾನಗಳು ಬಂದ ಮೇಲೆ ಅದು ನಡೆಯದ ಮಾತಾಯಿತು. ಪ್ರತಿಯೊಂದು ಹೊಲದ ಮೇಲೆ ಹಾರಲೂ ಆ ಹೊಲದೊಡೆಯನ ಅನುಮತಿ ಬೇಕೆಂದರೆ ಯಾವ ವಿಮಾನವೂ ಊರು ಬಿಡಲಾರದು. 1926ರ ಏರ್ ಕಾಮರ್ಸ್ ಕಾಯಿದೆ ಮತ್ತು 1938ರ ಸಿವಿಲ್ ಏರೋನಾಟಿಕ್ಸ್ ಕಾಯಿದೆಗಳ ಮೂಲಕ ಅಮೆರಿಕದ ಸಂಸತ್ತು ಎತ್ತರದ ಆಕಾಶವನ್ನು ಎಲ್ಲರಿಗೂ ಸೇರಿದ ಹೆದ್ದಾರಿಯನ್ನಾಗಿ ಮಾಡಿತು. ಆದರೆ ಹೆದ್ದಾರಿ ಎಷ್ಟು ಎತ್ತರದಲ್ಲಿ ಆರಂಭವಾಗುತ್ತದೆ, ಮನೆಯಂಗಳ ಎಲ್ಲಿ ಮುಗಿಯುತ್ತದೆ ಎಂಬುದು ಸ್ಪಷ್ಟವಾಗಿರಲಿಲ್ಲ.

ಅದನ್ನು ಸ್ಪಷ್ಟಪಡಿಸಿದ್ದು ಕೋಳಿಗಳು ಎಂದರೆ ನಗಬೇಡಿ. ನಾರ್ತ್ ಕೆರೊಲೈನಾದ ಗ್ರೀನ್ಸ್‌ಬರೊ ಬಳಿ ಕಾಸ್ಬಿ ಎಂಬ ದಂಪತಿಗಳಿಗೆ 2.8 ಎಕರೆ ಜಮೀನು, ಅದರಲ್ಲಿ ಒಂದು ಮನೆ ಮತ್ತು ಕೋಳಿ ಸಾಕಣೆ ಇದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹತ್ತಿರದ ವಿಮಾನ ನಿಲ್ದಾಣವನ್ನು ಸೇನೆ ಬಳಸತೊಡಗಿದಾಗ, ಬಾಂಬರ್ ವಿಮಾನಗಳು ಅವರ ಮನೆಯ ಮೇಲೆ ಕೇವಲ 67 ಅಡಿ ಅಂತರದಲ್ಲಿ ಇಳಿಯುತ್ತಿದ್ದವು. ರಾತ್ರಿ ವಿಮಾನದ ದೀಪಗಳು ಮನೆಯನ್ನೆಲ್ಲ ಬೆಳಗುತ್ತಿದ್ದವು. ಬೆದರಿದ ಕೋಳಿಗಳು ಗೋಡೆಗೆ ಹಾರಿ ಬಡಿದುಕೊಂಡು ಸಾಯುತ್ತಿದ್ದವು, ಒಂದೊಂದು ದಿನ ಆರರಿಂದ ಹತ್ತರಂತೆ. ಒಟ್ಟು ಸುಮಾರು 150 ಕೋಳಿಗಳು ಸತ್ತು ವ್ಯಾಪಾರವೇ ನಿಂತುಹೋಯಿತು. ದಂಪತಿಗಳಿಗೆ ನಿದ್ರೆಯಿಲ್ಲದಾಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1946ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಬರೆದ ತೀರ್ಪು ಎರಡು ಮಾತುಗಳನ್ನು ಒಟ್ಟಿಗೆ ಹೇಳಿತು. ನೆಲದೊಡೆಯನ ಹಕ್ಕು ಸ್ವರ್ಗದವರೆಗೆ ವಿಸ್ತರಿಸುತ್ತದೆ ಎಂಬ ಹಳೆಯ ಸೂತ್ರಕ್ಕೆ ಇಂದಿನ ಜಗತ್ತಿನಲ್ಲಿ ಸ್ಥಾನವಿಲ್ಲ ಎಂಬುದು ಒಂದು. ಆದರೂ ನೆಲಕ್ಕೆ ಅಂಟಿದಂತಿರುವ, ಅವನು ಬಳಸಬಲ್ಲಷ್ಟು ಆಕಾಶ ಅವನದೇ, ಅದನ್ನು ಸರ್ಕಾರ ಕಸಿದುಕೊಂಡರೆ ಪರಿಹಾರ ಕೊಡಬೇಕು ಎಂಬುದು ಇನ್ನೊಂದು.

ಅಂದಿನಿಂದ ಇಂದಿನವರೆಗೆ ವಿಮಾನ ನಿಲ್ದಾಣದ ಸುತ್ತಲಿನ ಎತ್ತರದ ಜಗಳಗಳೆಲ್ಲವೂ ಈ ಎರಡು ಮಾತುಗಳ ನಡುವೆಯೇ ನಡೆಯುತ್ತಿವೆ. ಕೆಳಗಿನಿಂದ ಮೇಲಕ್ಕೆ ಬೆಳೆಯುವವರಿಗೂ ಹಕ್ಕುಂಟು, ಮೇಲಿನಿಂದ ಕೆಳಕ್ಕೆ ಇಳಿಯುವವರಿಗೂ ಹಕ್ಕುಂಟು.

ಆ ತೀರ್ಪಿಗೆ ಒಂದು ವರ್ಷಕ್ಕೂ ಕಡಿಮೆ ಅವಧಿಯ ಹಿಂದೆ ನ್ಯೂಯಾರ್ಕಿನಲ್ಲಿ ಇನ್ನೊಂದು ಘಟನೆ ನಡೆದಿತ್ತು. 1945ರ ಜುಲೈ 28ರಂದು ದಟ್ಟ ಮಂಜಿನಲ್ಲಿ ದಾರಿ ಕಾಣದೆ ಬಂದ ಬಿ-25 ಸೇನಾ ವಿಮಾನವೊಂದು ಎಂಪೈರ್ ಸ್ಟೇಟ್ ಕಟ್ಟಡದ 79ನೆಯ ಅಂತಸ್ತಿನ ಆಸುಪಾಸಿಗೆ ಬಡಿಯಿತು. ವಿಮಾನದಲ್ಲಿದ್ದ ಮೂವರೂ ಕಟ್ಟಡದಲ್ಲಿದ್ದ ಹನ್ನೊಂದು ಮಂದಿಯೂ ಸತ್ತರು. ಗಾಯಗೊಂಡಿದ್ದ ಲಿಫ್ಟ್ ನಿರ್ವಾಹಕಿಯೊಬ್ಬಳನ್ನು ಕೆಳಗೆ ಕಳುಹಿಸಲು ಲಿಫ್ಟಿಗೆ ಹತ್ತಿಸಿದಾಗ ಅದರ ಹಗ್ಗಗಳು ಕಡಿದು ಆಕೆ ಎಪ್ಪತ್ತಕ್ಕೂ ಹೆಚ್ಚು ಅಂತಸ್ತು ಕೆಳಗೆ ಬಿದ್ದಳು, ಆದರೂ ಬದುಕಿದಳು. ವೈದ್ಯಳಾಗಿ ನನಗೆ ಆ ವಿವರ ಇಂದಿಗೂ ವಿಸ್ಮಯ. ಇತಿಹಾಸದ ದೃಷ್ಟಿಯಿಂದ ಮುಖ್ಯವಾದ ಅಂಶ ಬೇರೆ. ಆ ಕಟ್ಟಡ 1931ರಿಂದ ಅಲ್ಲೇ ನಿಂತಿತ್ತು, ಅದು ಅಲ್ಲಿದೆಯೆಂದು ಇಡೀ ಜಗತ್ತಿಗೆ ಗೊತ್ತಿತ್ತು. ಹಾಗಿದ್ದೂ ಅಪಘಾತವಾಯಿತೆಂದರೆ, ಯಾರಿಗೂ ಗೊತ್ತಿಲ್ಲದಂತೆ ಒಂದು ಗೋಪುರ ಎದ್ದು ನಿಂತರೆ ಏನಾಗಬಹುದು?

ಹೀಗಾಗಿ ಅಮೆರಿಕದ ನಿಯಮದ ಬೇರಿನಲ್ಲಿರುವುದು ನಿಷೇಧವಲ್ಲ, ತಿಳಿಸುವ ಕರ್ತವ್ಯ. ವಾಯುಮಾರ್ಗಗಳ ಬಳಿ ಎತ್ತರದ ರಚನೆ ಕಟ್ಟುವವರು ಮೊದಲು ಸೂಚನೆ ಕೊಡಬೇಕೆಂಬ ತತ್ತ್ವ 1938ರ ಕಾಯಿದೆಯಲ್ಲೇ ಇತ್ತು. 1956ರಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದು 128 ಮಂದಿ ಸತ್ತರು. ಆ ದುರಂತದ ಹಿನ್ನೆಲೆಯಲ್ಲಿ 1958ರ ಕಾನೂನು ಬಂದು, ಇಂದು ನಾವು ಎಫ್.ಎ.ಎ. ಎಂದು ಕರೆಯುವ ಫೆಡರಲ್ ವಿಮಾನಯಾನ ಸಂಸ್ಥೆ ಹುಟ್ಟಿತು. ಅದರ ನಿಯಮಾವಳಿಯ 77ನೆಯ ಭಾಗವೇ ನಮ್ಮ ಕಥೆಯ ಕೇಂದ್ರ.

ಆ ಭಾಗ ಹೇಳುವುದು ಇಷ್ಟು. ದೇಶದ ಯಾವುದೇ ಮೂಲೆಯಲ್ಲಾದರೂ ನೆಲದಿಂದ 200 ಅಡಿಗಿಂತ ಎತ್ತರದ ರಚನೆಯನ್ನು ಕಟ್ಟುವವರು ಕನಿಷ್ಠ 45 ದಿನ ಮುಂಚಿತವಾಗಿ ಎಫ್.ಎ.ಎ.ಗೆ ತಿಳಿಸಬೇಕು. ವಿಮಾನ ನಿಲ್ದಾಣದ ಹತ್ತಿರವಾದರೆ ಅಳತೆ ಇನ್ನೂ ಬಿಗಿ. 3,200 ಅಡಿಗಿಂತ ಉದ್ದದ ರನ್‌ವೇ ಇರುವ ನಿಲ್ದಾಣದಿಂದ 20,000 ಅಡಿ ದೂರದವರೆಗೆ, ಪ್ರತಿ 100 ಅಡಿಗೆ 1 ಅಡಿಯಂತೆ ಏರುವ ಒಂದು ಕಲ್ಪಿತ ಇಳಿಜಾರನ್ನು ಎಳೆಯಲಾಗುತ್ತದೆ. ರನ್‌ವೇಯಿಂದ 12,000 ಅಡಿ ದೂರದಲ್ಲಿ ನೀವು ಏನನ್ನಾದರೂ ಕಟ್ಟುವುದಾದರೆ, ಅದು ರನ್‌ವೇ ಮಟ್ಟದಿಂದ 120 ಅಡಿ ದಾಟಿದರೆ ಸಾಕು, ಸೂಚನೆ ಕೊಡಬೇಕು. ಗ್ರೇಟ್ ಅಮೆರಿಕಾ ಉದ್ಯಾನ ಈ 20,000 ಅಡಿಗಳ ವಲಯದೊಳಗೇ ಇದೆ.

ಸೂಚನೆ ಬಂದ ಮೇಲೆ ಅಧ್ಯಯನ ನಡೆಯುತ್ತದೆ. ನಿಲ್ದಾಣದ ಸುತ್ತಲೂ ಕಣ್ಣಿಗೆ ಕಾಣದ ದೊಡ್ಡದೊಂದು ಬೋಗುಣಿಯನ್ನು ಕಲ್ಪಿಸಿಕೊಳ್ಳಿ. ಅದರ ತಳ ನಿಲ್ದಾಣದ ಮಟ್ಟದಿಂದ 150 ಅಡಿ ಎತ್ತರದಲ್ಲಿದೆ; ದೊಡ್ಡ ನಿಲ್ದಾಣಗಳಲ್ಲಿ ಇದು ರನ್‌ವೇ ತುದಿಗಳಿಂದ 10,000 ಅಡಿಯವರೆಗೆ ಹರಡುತ್ತದೆ. ಅಲ್ಲಿಂದಾಚೆ 4,000 ಅಡಿಯವರೆಗೆ ಬೋಗುಣಿಯ ಅಂಚು 20ಕ್ಕೆ 1ರಂತೆ ಮೇಲೇರುತ್ತದೆ. ರನ್‌ವೇಯ ನೇರಕ್ಕೆ, ವಿಮಾನಗಳು ಇಳಿದು ಬರುವ ದಿಕ್ಕಿನಲ್ಲಿ, ಬೋಗುಣಿಯನ್ನು ಕೊರೆದಂತೆ ಇನ್ನೊಂದು ಇಳಿಜಾರು ಇದೆ. ಉಪಕರಣಗಳ ನೆರವಿನಿಂದ ನಿಖರವಾಗಿ ಇಳಿಯುವ ರನ್‌ವೇಗಳಲ್ಲಿ ಅದು ಮೊದಲ 10,000 ಅಡಿಗೆ 50ಕ್ಕೆ 1ರಂತೆ ಏರುತ್ತದೆ. ಈ ಕಲ್ಪಿತ ಮೇಲ್ಮೈಗಳನ್ನು ಚುಚ್ಚಿಕೊಂಡು ಮೇಲೇಳುವ ರಚನೆಗೆ “ಅಡಚಣೆ” ಎಂದು ಹೆಸರು. ಅಡಚಣೆಯೆಲ್ಲವೂ ಅಪಾಯವಲ್ಲ. ವಿಮಾನಗಳ ದಾರಿ, ರೇಡಾರ್, ಹವಾಮಾನ ಎಲ್ಲವನ್ನೂ ನೋಡಿದ ಬಳಿಕವೇ ಅದು “ಅಪಾಯ” ಹೌದೋ ಅಲ್ಲವೋ ಎಂಬ ನಿರ್ಣಯ ಬರುತ್ತದೆ. ಸಾಮಾನ್ಯವಾಗಿ 200 ಅಡಿ ಮೀರಿದ್ದಕ್ಕೆ ದೀಪವನ್ನೋ ಬಣ್ಣದ ಪಟ್ಟೆಗಳನ್ನೋ ಹಾಕಬೇಕಾಗುತ್ತದೆ.

ವೈದ್ಯರ ಭಾಷೆಯಲ್ಲಿ ಹೇಳುವುದಾದರೆ 200 ಅಡಿ ಎಂಬುದು ಸ್ಕ್ರೀನಿಂಗ್ ಪರೀಕ್ಷೆ, ರೋಗನಿರ್ಣಯವಲ್ಲ. ಮ್ಯಾಮೋಗ್ರಾಮಿನಲ್ಲಿ ನೆರಳು ಕಂಡರೆ ಕ್ಯಾನ್ಸರ್ ಎಂದು ಹೇಳುವುದಿಲ್ಲ, ಮುಂದಿನ ಪರೀಕ್ಷೆ ಮಾಡೋಣ ಎನ್ನುತ್ತೇವೆ. ಅಂದು ನೆರಳಿನಲ್ಲಿ ಕುಳಿತು ನಾನು ಮಾಡಿದ ತಪ್ಪು ಇದೇ. ಸ್ಕ್ರೀನಿಂಗ್ ಫಲಿತಾಂಶವನ್ನೇ ತೀರ್ಪೆಂದು ಒಬ್ಬ ಹುಡುಗನಿಗೆ ಓದಿ ಹೇಳಿಬಿಟ್ಟೆ.

ಈಗ ರೋಲರ್ ಕೋಸ್ಟರ್‌ಗಳ ಕಡೆಗೆ ಬರೋಣ. ಮರದ ಕೋಸ್ಟರ್‌ಗಳ ಕಾಲದಲ್ಲಿ ನೂರು ಅಡಿಯೇ ದೊಡ್ಡ ಎತ್ತರವಾಗಿದ್ದರಿಂದ ಈ ನಿಯಮಕ್ಕೂ ಅವುಗಳಿಗೂ ಭೇಟಿಯಾಗುವ ಸಂದರ್ಭ ಕಡಿಮೆಯಿತ್ತು. 1959ರಲ್ಲಿ ಡಿಸ್ನಿಲ್ಯಾಂಡಿನ ಮ್ಯಾಟರ್‌ಹಾರ್ನ್ ಕೊಳವೆಯಾಕಾರದ ಉಕ್ಕಿನ ಹಳಿಯನ್ನು ಬಳಕೆಗೆ ತಂದಿತು. ಉಕ್ಕಿನಿಂದ ಎತ್ತರದ ದಾರಿ ತೆರೆಯಿತು. 1989ರಲ್ಲಿ ಒಹಾಯೋದ ಸೀಡರ್ ಪಾಯಿಂಟ್‌ನಲ್ಲಿ 205 ಅಡಿಯ ಮ್ಯಾಗ್ನಮ್ ಎಕ್ಸ್‌ಎಲ್-200 ತೆರೆಯಿತು. ಪೂರ್ಣ ಸುತ್ತು ಹಾಕುವ ಕೋಸ್ಟರ್‌ಗಳಲ್ಲಿ 200 ಅಡಿ ದಾಟಿದ ಮೊದಲನೆಯದು ಅದು. ಹೆಸರಿನಲ್ಲೇ ಆ ಸಂಖ್ಯೆಯ ಹೆಮ್ಮೆಯಿದೆ. ಆಮೇಲೆ ಪೈಪೋಟಿ ನಿಲ್ಲಲಿಲ್ಲ. 2000ದಲ್ಲಿ ಅದೇ ಉದ್ಯಾನದ ಮಿಲೆನಿಯಮ್ ಫೋರ್ಸ್ 310 ಅಡಿ, 2003ರಲ್ಲಿ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ 420 ಅಡಿ, 2005ರಲ್ಲಿ ನ್ಯೂಜೆರ್ಸಿಯ ಕಿಂಗ್ಡಾ ಕಾ 456 ಅಡಿ. ಇವೆಲ್ಲವೂ 200 ಅಡಿಯ ಗೆರೆಯನ್ನು ಎಷ್ಟೋ ಮೀರಿ, ಎಲ್ಲರ ಕಣ್ಣೆದುರು ಎದ್ದು ನಿಂತವು. ಕಿಂಗ್ಡಾ ಕಾ 2025ರಲ್ಲಿ ನೆಲಸಮವಾದದ್ದೂ ವಿಮಾನಗಳ ಕಾರಣದಿಂದಲ್ಲ.

ಹಾಗಾದರೆ “200 ಅಡಿಗೆ ನಿಷೇಧ” ಎಂಬ ನಂಬಿಕೆ ಎಲ್ಲಿಂದ ಬಂತು? ನನ್ನ ಊಹೆಯಲ್ಲಿ ಅದಕ್ಕೆ ದೊಡ್ಡ ಕಾರಣ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್. ಅಲ್ಲಿ 1994ರಲ್ಲಿ ತೆರೆದ ಟವರ್ ಆಫ್ ಟೆರರ್‌ನ ಎತ್ತರ 199 ಅಡಿ. 2006ರಲ್ಲಿ ತೆರೆದ ಎಕ್ಸ್‌ಪೆಡಿಷನ್ ಎವರೆಸ್ಟ್ ಎಂಬ ಕೋಸ್ಟರಿನ ಹಿಮಪರ್ವತ 199.5 ಅಡಿ. ಅರ್ಧ ಅಡಿಯ ಈ ಸಂಕೋಚ ನೋಡಿದವರಿಗೆ 200 ಅಡಿಯೇ ಕಾನೂನಿನ ಛಾವಣಿ ಎನಿಸುವುದು ಸಹಜ. ನಿಜವಾದ ಕಾರಣ ಸೌಂದರ್ಯಕ್ಕೆ ಸಂಬಂಧಿಸಿದ್ದು. ಹಿಮಾಲಯದ ಶಿಖರದ ನೆತ್ತಿಯಲ್ಲಿ ಕೆಂಪು ದೀಪ ಮಿನುಗಿದರೆ ಹಿಮಾಲಯದ ಭ್ರಮೆ ಅಲ್ಲಿಗೇ ಮುಗಿಯಿತು.

ವಿಮಾನ ನಿಲ್ದಾಣದ ನಿಜವಾದ ಒತ್ತಡವನ್ನು ಕಾಣಬೇಕಾದರೆ ಲಾಸ್ ವೇಗಸ್ಸಿಗೆ ಹೋಗಬೇಕು. 1990ರ ದಶಕದ ಮೊದಲ ವರ್ಷಗಳಲ್ಲಿ ಬಾಬ್ ಸ್ಟುಪಾಕ್ ಎಂಬ ಕ್ಯಾಸಿನೊ ಮಾಲೀಕ ಸ್ಟ್ರಾಟೋಸ್ಫಿಯರ್ ಗೋಪುರವನ್ನು 1,800 ಅಡಿಗೂ ಮೇಲೆ ಒಯ್ಯುವ ಕನಸು ಕಂಡ. ಆ ಎತ್ತರಕ್ಕೆ ಎಫ್.ಎ.ಎ. ಆಕ್ಷೇಪಿಸಿತು. 1996ರಲ್ಲಿ ಗೋಪುರ ತೆರೆದಾಗ ಅದರ ಎತ್ತರ 1,149 ಅಡಿಯಾಗಿತ್ತು. ಅದರ ತಲೆಯ ಸುತ್ತ, ನೆಲದಿಂದ ಸುಮಾರು 900 ಅಡಿ ಮೇಲೆ, ಹೈ ರೋಲರ್ ಎಂಬ ಪುಟ್ಟ ಕೋಸ್ಟರ್ 2005ರವರೆಗೆ ಓಡಿತು. ಎತ್ತರ ಕಡಿಮೆಯಾದರೂ ಆಟ ನಿಲ್ಲಲಿಲ್ಲ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. “ಅಪಾಯ” ಎಂದು ನಿರ್ಣಯ ಕೊಡುವ ಎಫ್.ಎ.ಎ.ಗೆ ಕಟ್ಟಡವನ್ನು ತಾನೇ ನಿಲ್ಲಿಸುವ ಅಧಿಕಾರವಿಲ್ಲ. ಆ ಅಧಿಕಾರ ರಾಜ್ಯ ಮತ್ತು ನಗರಗಳದ್ದು. ಈ ಅಂತರದಲ್ಲಿ ಏನಾಗಬಹುದೆಂಬುದಕ್ಕೆ ನಮ್ಮ ಕ್ಯಾಲಿಫೋರ್ನಿಯಾದಲ್ಲೇ ಒಂದು ಪಾಠವಿದೆ. ಸಾನ್ ಡಿಯೇಗೊದ ಮಾಂಟ್‌ಗೊಮರಿ ಫೀಲ್ಡ್ ಎಂಬ ಚಿಕ್ಕ ವಿಮಾನ ನಿಲ್ದಾಣದ ಬಳಿ ಹನ್ನೆರಡು ಅಂತಸ್ತಿನ ಕಚೇರಿ ಕಟ್ಟಡವೊಂದು 180 ಅಡಿಗೆ ಬೆಳೆಯುತ್ತಿತ್ತು. 160 ಅಡಿ ಮೀರಿದರೆ ಅಪಾಯವೆಂದು 2006ರಲ್ಲಿ ಎಫ್.ಎ.ಎ. ಹೇಳಿತು. ಕಟ್ಟಡ ನಿಲ್ಲಲಿಲ್ಲ. ನಗರದ ವಕೀಲರು ಮೊಕದ್ದಮೆ ಹೂಡಿದರು, ಊರಿನಲ್ಲಿ ರಾಜಕೀಯ ಗದ್ದಲವೆದ್ದಿತು. ಕಡೆಗೆ 2007ರಲ್ಲಿ ಕಟ್ಟಡದ ಮೇಲಿನ 20 ಅಡಿಯನ್ನು ಕಿತ್ತುಹಾಕಬೇಕಾಯಿತು. ಗಮನಿಸಿ, ಆ ಕಟ್ಟಡದ ಎತ್ತರ 200 ಅಡಿಗಿಂತ ಕಡಿಮೆಯೇ ಇತ್ತು. ಎಲ್ಲಿ ನಿಂತಿದ್ದೀರಿ ಎಂಬುದು ಎಷ್ಟು ಎತ್ತರ ಎಂಬುದರಷ್ಟೇ ಮುಖ್ಯ.

ನಮ್ಮ ಸಾನ್ ಹೋಸೆಯಲ್ಲಿ ಈ ಪ್ರಶ್ನೆ ಪ್ರತಿದಿನ ಕಣ್ಣಿಗೆ ಬೀಳುತ್ತದೆ. ಹತ್ತು ಲಕ್ಷದ ಆಸುಪಾಸಿನ ಜನರಿರುವ ನಗರದ ನಡುವೆ ಒಂದೂ ಗಗನಚುಂಬಿ ಕಟ್ಟಡವಿಲ್ಲವೇಕೆ ಎಂದು ಹೊಸದಾಗಿ ಬಂದವರು ಕೇಳುತ್ತಾರೆ. ಡೌನ್‌ಟೌನ್ ರನ್‌ವೇಯ ನೇರಕ್ಕಿದೆ ಎಂಬುದೇ ಉತ್ತರ. ಅಲ್ಲಿನ ಎತ್ತರದ ಕಟ್ಟಡಗಳೆಲ್ಲ 300 ಅಡಿಗಿಂತ ಕೆಳಗೇ ನಿಂತಿವೆ. ಇಲ್ಲಿನ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ಮಾತು, ಮೇಲೇರುವಾಗ ಒಂದು ಇಂಜಿನ್ ಕೈಕೊಟ್ಟರೆ ಏನು ಗತಿ ಎಂಬುದು. ಎರಡು ಇಂಜಿನ್‌ಗಳ ವಿಮಾನ ಒಂದರಲ್ಲೇ ಹಾರಬಲ್ಲದು. ಒಂದು ಮೂತ್ರಪಿಂಡವನ್ನು ದಾನ ಮಾಡಿದವರು ಆರೋಗ್ಯವಾಗಿ ಬದುಕುವಂತೆಯೇ ಇದು. ಆದರೆ ಮೀಸಲು ಶಕ್ತಿ ಕಡಿಮೆ. ಎರಡು ಇಂಜಿನ್‌ಗಳ ವಿಮಾನ ಒಂದರಲ್ಲೇ ಕನಿಷ್ಠ 2.4 ಶೇಕಡದಷ್ಟು ಏರಬೇಕೆಂಬುದು ನಿಯಮ. ಲೆಕ್ಕ ಹಾಕುವಾಗ ಅದರಲ್ಲೂ 0.8 ಕಳೆದು, ಉಳಿದ 1.6 ಶೇಕಡದಲ್ಲಿ ದಾರಿಯ ಪ್ರತಿಯೊಂದು ಅಡಚಣೆಯನ್ನೂ 35 ಅಡಿ ಅಂತರದಿಂದ ದಾಟಬೇಕು. ಅಂದರೆ 100 ಅಡಿ ಏರಲು 6,250 ಅಡಿ ದೂರ. ದಾರಿಯಲ್ಲಿ ಎತ್ತರದ ರಚನೆಯಿದ್ದರೆ ವಿಮಾನ ಸಂಸ್ಥೆ ತೂಕ ಇಳಿಸಬೇಕು. ತೂಕವೆಂದರೆ ಇಂಧನ, ಸರಕು, ಇಲ್ಲವೇ ಪ್ರಯಾಣಿಕರು. ಬೇಸಿಗೆಯ ಬಿಸಿಗಾಳಿಯಲ್ಲಿ ದೂರದೇಶಕ್ಕೆ ಹೊರಡುವ ವಿಮಾನಕ್ಕೆ ಇದು ಹೆಚ್ಚು ಕಷ್ಟ. ಹೀಗಾಗಿ ಕಟ್ಟಡಕ್ಕೆ ಸಿಕ್ಕ ಕೆಲವು ಅಂತಸ್ತುಗಳ ಬೆಲೆಯನ್ನು ವಿಮಾನದ ಕೆಲವು ಆಸನಗಳು ತೆರಬೇಕಾಗುತ್ತದೆ. 2019ರಲ್ಲಿ ಸಾನ್ ಹೋಸೆ ನಗರಸಭೆ ಈ ಲೆಕ್ಕವನ್ನು ತೂಗಿ ನೋಡಿ, ಡೌನ್‌ಟೌನಿನ ಎತ್ತರದ ಮಿತಿಯನ್ನು ಒಂದಿಷ್ಟು ಸಡಿಲಿಸಿತು.

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ ನಮ್ಮ ಓದುಗರಿಗೆ ಇದು ಹೊಸದಲ್ಲ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ನಾಲ್ಕು ಕಡೆ ರನ್‌ವೇಗಳಿರುವ ಊರದು. 2015ರ ಕೇಂದ್ರ ಸರ್ಕಾರದ ನಿಯಮಗಳಂತೆ ಅಲ್ಲಿ ಬಣ್ಣಗಳಿಂದ ವಲಯ ಗುರುತಿಸಿದ ನಕ್ಷೆಗಳಿವೆ. ಎತ್ತರದ ಕಟ್ಟಡಕ್ಕೆ ಎನ್‌ಒಸಿ ಬೇಕು. ಅಲ್ಲಿ ಅನುಮತಿಯ ಎತ್ತರವನ್ನು ನೆಲದಿಂದಲ್ಲ, ಸಮುದ್ರಮಟ್ಟದಿಂದ ಹೇಳುತ್ತಾರೆ. ಬೆಂಗಳೂರಿನ ನೆಲವೇ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, ಪತ್ರದಲ್ಲಿ ದೊಡ್ಡ ಸಂಖ್ಯೆ ನೋಡಿ ಯಾರೂ ಹಿಗ್ಗಬಾರದು. ದಿಬ್ಬದ ಮೇಲಿನ ಸೈಟಿಗೂ ತಗ್ಗಿನ ಸೈಟಿಗೂ ಸಿಗುವ ಅಂತಸ್ತುಗಳು ಬೇರೆ ಬೇರೆ.

ಇಷ್ಟೆಲ್ಲ ಓದಿದ ಮೇಲೆ ಆ ಹುಡುಗನಿಗೆ ನಾನು ಕೊಡಬೇಕಾದ ಉತ್ತರ ಹೀಗಿದೆ. ಮಗೂ, ಕಾನೂನು “ಕಟ್ಟಬೇಡ” ಎನ್ನುವುದಿಲ್ಲ, “ಕಟ್ಟುವ ಮೊದಲು ಹೇಳು” ಎನ್ನುತ್ತದೆ. ಹೇಳಿದ ಮೇಲೆ ಗೊತ್ತಿರುವವರು ಅಳೆದು ನೋಡುತ್ತಾರೆ. ಒಹಾಯೋದ ಕೆರೆಯಂಚಿನಲ್ಲಿ 420 ಅಡಿ ಸರಿಯಾಗಬಹುದು. ಇಲ್ಲಿ, ನಿಮಿಷಕ್ಕೊಂದು ವಿಮಾನ ಏರುವ ದಾರಿಯ ಕೆಳಗೆ, ಅದೇ ಎತ್ತರ ಬೇರೆ ಪ್ರಶ್ನೆಯಾಗುತ್ತದೆ. ನೀನು ತೋರಿಸಿದ 224 ಅಡಿಯ ಗೋಪುರ ನನ್ನ ಮಾತನ್ನು ಸುಳ್ಳಾಗಿಸಿತು, ಅದು ಒಳ್ಳೆಯದೇ ಆಯಿತು. ದೊಡ್ಡವರು ನಿಶ್ಚಿತ ಧ್ವನಿಯಲ್ಲಿ ಹೇಳಿದ್ದನ್ನು ಎದುರಿಗಿರುವ ವಸ್ತುವಿನೊಡನೆ ಹೋಲಿಸಿ ನೋಡುವ ಈ ಅಭ್ಯಾಸವನ್ನು ಬಿಡಬೇಡ. ಮುಂದೆ ನಿನ್ನ ವೈದ್ಯರ ಮುಂದೆಯೂ ಬಿಡಬೇಡ.

ಆ ಉದ್ಯಾನದ ಜಮೀನು 2022ರಲ್ಲಿ ಮಾರಾಟವಾಗಿದೆ. ಗುತ್ತಿಗೆ ಮುಗಿದ ಮೇಲೆ ಅದು ಮುಚ್ಚುವುದೆಂದು ಆಗಲೇ ಪ್ರಕಟವಾಗಿತ್ತು. 1976ರಿಂದ ಎರಡು ತಲೆಮಾರಿನ ಮಕ್ಕಳು ಕಿರುಚಿ ನಕ್ಕ ಆ ಜಾಗದಲ್ಲಿ ಮುಂದೆ ಏನೇ ಎದ್ದರೂ ಅದರ ನೆತ್ತಿಯ ಮೇಲಿನ ಕಾಣದ ಬೋಗುಣಿ ಹಾಗೆಯೇ ಇರುತ್ತದೆ. ಅದಕ್ಕೆ ಮೊದಲು ಇನ್ನೊಂದು ಪ್ರವಾಸ ಮಾಡಬೇಕೆಂದು ಸಂಘದ ಸಮಿತಿಗೆ ಕೇಳಿಕೊಂಡಿದ್ದೇನೆ. ಚೀಲ ಹೊರಲು ನಾನು ಸಿದ್ಧ. ನಮ್ಮ ಸದಸ್ಯರಲ್ಲಿ ವಿಮಾನಯಾನ ಕ್ಷೇತ್ರದಲ್ಲಿ ದುಡಿಯುವವರು ಅನೇಕರಿದ್ದೀರಿ. ಈ ಬರಹದಲ್ಲಿ ತಪ್ಪು ಕಂಡರೆ ದಯವಿಟ್ಟು ತಿದ್ದಿರಿ. ತಿದ್ದಿಸಿಕೊಳ್ಳುವುದು ಈಗ ನನಗೆ ಅಭ್ಯಾಸವಾಗಿದೆ.